‘ಆಮೇಲೆ ಕೊಡ್ತೀನಿ’ ಅಂದರೆ ಮಗು ಯಾಕೆ ಕಾಯಬೇಕು?

ಮೂರು ವರ್ಷದ ಮಗು ಮಾಲ್‌ನಲ್ಲಿ ನೆಲಕ್ಕೆ ಬಿದ್ದು ಅಳುವುದನ್ನು ಬರೀ ಹಟ ಅಂದುಬಿಡುವಂತಿಲ್ಲ. ತನ್ನನ್ನು ತಾನು ತಡೆದುಕೊಳ್ಳುವುದಕ್ಕೆ ಮುಖ್ಯವಾಗಿ ಬೇಕಾದದ್ದು ಹಣೆಯ ಹಿಂದಿರುವ ಮೆದುಳಿನ ಮುಂಭಾಗ. ಅದು ಪೂರ್ತಿ ಬಲಿಯಲು 20 ವರ್ಷ ದಾಟಬೇಕು. ಆದರೂ 3ರಿಂದ 5 ವರ್ಷದೊಳಗೆ ಈ ಶಕ್ತಿ ಬೇಗ ಬೇಗ ಬೆಳೆಯುತ್ತದೆ.

ಬಣ್ಣ ನೋಡಿ ಕಾರ್ಡ್ ಬೇರೆ ಮಾಡುತ್ತಿರುವ ಮಗುವಿಗೆ ‘ಇನ್ನು ಆಕಾರ ನೋಡಿ ಇಡು’ ಅನ್ನಿ. 3 ವರ್ಷದ ಹೆಚ್ಚಿನ ಮಕ್ಕಳು ಬಣ್ಣವನ್ನೇ ಹಿಡಿದು ಮುಂದುವರಿಯುತ್ತಾರೆ. ಹೊಸ ನಿಯಮ ಏನು ಅಂತ ಕೇಳಿದರೆ ಬಾಯಲ್ಲಿ ಸರಿಯಾಗಿಯೇ ಹೇಳುತ್ತಾರೆ, ಕೈ ಮಾತ್ರ ಕೇಳುವುದಿಲ್ಲ! 5ರ ಹೊತ್ತಿಗೆ ಬಹುತೇಕ ಮಕ್ಕಳಿಗೆ ಇದು ಸಲೀಸು.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಮಾರ್ಷ್‌ಮ್ಯಾಲೋ ಪ್ರಯೋಗ ಗೊತ್ತಿರುವವರು ಬಹಳ. ಈಗಲೇ ತಿಂದರೆ ಒಂದು ಮಿಠಾಯಿ, ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚುರುಕು ಎಂಬ ಮಾತು ಹಬ್ಬಿತು. 2018ರಲ್ಲಿ ಸುಮಾರು 900 ಮಕ್ಕಳ ಮಾಹಿತಿ ಪರಿಶೀಲಿಸಿದಾಗ, ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತಗೊಂಡರೆ ಆ ಸಂಬಂಧ ತೀರಾ ತೆಳುವಾಯಿತು.

ಊರಲ್ಲಿ ಮಕ್ಕಳನ್ನು ಬಿಟ್ಟು ಗಲ್ಫ್‌ಗೆ ಬಂದವರಿಗೆ ಇನ್ನೊಂದು ಪ್ರಯೋಗ ಹೆಚ್ಚು ಮುಖ್ಯ. ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ತಂಡ 28 ಮಕ್ಕಳಿಗೆ, ‘ಒಳ್ಳೆಯ ಬಣ್ಣದ ಸಾಮಾನು ತರ್ತೀವಿ’ ಅಂತ ಮೊದಲೇ ಮಾತು ಕೊಟ್ಟಿತ್ತು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ ‘ಇಲ್ಲ, ಮುಗಿದುಹೋಗಿದೆ’ ಅಂದರು. ಆಮೇಲೆ ಮಿಠಾಯಿ ಇಟ್ಟಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದವರು ಕಾದದ್ದು ಮೂರೇ ನಿಮಿಷ. ಅವರಿಗೆ ಸಂಯಮ ಕಮ್ಮಿ ಅಂತಲ್ಲ, ಕಾಯುವುದರಲ್ಲಿ ಅರ್ಥ ಕಾಣಲಿಲ್ಲ.

ವಿಡಿಯೋ ಕಾಲ್‌ನಲ್ಲಿ ಅಳು ನಿಲ್ಲಿಸಲು ‘ಮುಂದಿನ ತಿಂಗಳು ಬರ್ತೇನೆ ಮಗಾ’ ಅನ್ನುವುದು ಸುಲಭ. ರಜೆ ಮಾತ್ರ ಅಪ್ಪನ ಕೈಯಲ್ಲಿಲ್ಲ. ಅದಕ್ಕಿಂತ ‘ನಾಳೆ ರಾತ್ರಿ ಊಟ ಆದ ಮೇಲೆ ಫೋನ್ ಮಾಡ್ತೇನೆ’ ಅಂದು ತಪ್ಪದೆ ಮಾಡುವುದು ಮೇಲು. ಟಿಕೆಟ್ ಖಚಿತವಾದ ಮೇಲೆಯೇ ಬರುವ ದಿನ ಹೇಳಿ. ಎರಡು ತಿಂಗಳು ಅಂದರೆ ಎಷ್ಟು ಅಂತ ನಾಲ್ಕು ವರ್ಷದ ಮಗುವಿಗೆ ಅಂದಾಜಿರುವುದಿಲ್ಲ. ಅಜ್ಜಿಯ ಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿಸಿ, ದಿನಕ್ಕೊಂದು ಚೌಕ ಮಗುವೇ ಗೀಚಲಿ.