ಮುಮ್ಮಡಿ ಕೃಷ್ಣರಾಜರ ಕುದುರೆಯ ನಡೆ

ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಚದುರಂಗದಲ್ಲಿ ಪಟ್ಟ ಶ್ರಮವನ್ನು ರಾಜ್ಯಭಾರ ಕಳೆದುಕೊಂಡ ಅರಸರೊಬ್ಬರ ಕಾಲಹರಣವೆಂದು ಬಗೆಯುವುದುಂಟು. 1831ರಲ್ಲಿ ಆಡಳಿತವು ಇಂಗ್ಲಿಷರ ವಶವಾದುದು ದಿಟ. ಅವರ ಶ್ರೀತತ್ತ್ವನಿಧಿಯಲ್ಲಿ ಆಟಗಳ ವಿಚಾರ ಬರುವುದು ‘ಕೌತುಕನಿಧಿ’ ಎಂಬ ಒಂಬತ್ತನೆಯ ಭಾಗದಲ್ಲಿ. ಆ ಹೆಸರೂ ಈ ಅಭಿಪ್ರಾಯಕ್ಕೆ ಇಂಬು ಕೊಟ್ಟಿದೆ. ಆದರೂ ಇದು ಅವಸರದ ತೀರ್ಪೆಂದು ನನ್ನ ಭಾವನೆ.

ಯಾವ ಮನೆಯನ್ನೂ ಎರಡು ಸಲ ತುಳಿಯದೆ ಕುದುರೆಯೊಂದು 64 ಮನೆಗಳನ್ನೂ ಸುತ್ತಿಬರಬೇಕೆಂಬುದು ಪ್ರಾಚೀನ ಸಮಸ್ಯೆ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ರುದ್ರಟನು ಅರ್ಧಮಣೆಯ ಸುತ್ತನ್ನು ಶ್ಲೋಕದಲ್ಲಿ ಅಡಗಿಸಿದನು. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಇಂತಹ ಚಿತ್ರಬಂಧವಿದೆ. ಕೃಷ್ಣರಾಜರು ಮಣೆಯನ್ನೇ ಹಿಗ್ಗಿಸಿ, 144 ಮನೆಗಳಲ್ಲಿ ಕುದುರೆಯನ್ನು ನಡೆಸಿದರು. ಹೆಜ್ಜೆಗಳ ಅಂಕಗಳನ್ನು ಕೂಡಿದರೆ ಅಡ್ಡಸಾಲಿಗೂ ಉದ್ದಸಾಲಿಗೂ 870 ಬರುತ್ತದೆ.

ಇದರಿಂದ ಆಟಗಾರನಿಗೇನು ಲಾಭ? ನಾನು ವಾಸವಾಗಿರುವ ಅಂಬತ್ತೂರಿನಲ್ಲಿ ನೆರೆಮನೆಯ ಬಾಲಕನೊಬ್ಬನು ಬರಿಯ ಮಣೆಯ ಮೇಲೆ ಕುದುರೆಯನ್ನಿಟ್ಟು, ಮೂಲೆಯಿಂದ ಎದುರುಮೂಲೆಗೆ ಆರು ನಡೆಗಳಲ್ಲಿ ಮುಟ್ಟಿಸುವ ಪಾಠವನ್ನು ಅಭ್ಯಸಿಸುತ್ತಿದ್ದನು. ಮೂಲೆಯಲ್ಲಿ ಕುದುರೆಗೆ ಎರಡೇ ದಾರಿ, ನಡುವಿನಲ್ಲಿ ಎಂಟು. ಇದು ಕಣ್ಣಿಗೆ ಕಟ್ಟಬೇಕಾದರೆ ಸುತ್ತನ್ನು ಬಿಡಿಸುವುದಕ್ಕಿಂತ ಒಳ್ಳೆಯ ಸಾಧನವಿಲ್ಲ. ಇನ್ನೊಂದು ಸಂಗತಿ ಇದಕ್ಕೂ ಮಿಗಿಲಾದುದು. ಕುದುರೆಯು ರಾಜನನ್ನೂ ಮಂತ್ರಿಯನ್ನೂ ಏಕಕಾಲದಲ್ಲಿ ಹೊಡೆಯಬೇಕಾದರೆ ಅವೆರಡೂ ಒಂದೇ ಬಣ್ಣದ ಮನೆಗಳಲ್ಲಿರಬೇಕು. ಏಕೆಂದರೆ ಕುದುರೆ ನಡೆ ನಡೆಗೂ ಬಣ್ಣ ಬದಲಿಸುತ್ತದೆ. ನಮ್ಮ ಹಳೆಯ ಮಣೆಗಳಿಗಾದರೋ ಎರಡು ಬಣ್ಣಗಳಿರಲಿಲ್ಲ. ಸುತ್ತಿನ ಅಂಕಗಳನ್ನು ಬರೆದು ನೋಡಿರಿ: ಬೆಸಸಂಖ್ಯೆಗಳೆಲ್ಲ ಒಂದು ಬಣ್ಣದ ಮನೆಗಳಲ್ಲಿ, ಸಮಸಂಖ್ಯೆಗಳೆಲ್ಲ ಇನ್ನೊಂದರಲ್ಲಿ ಬೀಳುತ್ತವೆ. ಬಣ್ಣವಿಲ್ಲದ ಮಣೆಯ ಮೇಲೆ ಈ ಭೇದವನ್ನು ಕಾಣಿಸಿಕೊಡಲು ಅಂಕಗಳೇ ಸಾಕು. ಕೌತುಕವೆಂದು ಬದಿಗಿಟ್ಟುದರಲ್ಲಿ ಇಷ್ಟು ಪಾಠವಿದೆ.

ಆದರೆ ಸುತ್ತಿನಲ್ಲಿ ಎದುರಾಳಿಯಿಲ್ಲ. ಹೂಟ, ಬಲಿದಾನ, ರಾಜನನ್ನು ಕಟ್ಟಿಹಾಕುವ ಬಗೆ ಇವುಗಳನ್ನು ಸುತ್ತು ಕಲಿಸದು. ಬಾಗ್ದಾದಿನ ಅಲ್-ಅದ್ಲಿಯ ಹೆಸರಿನಲ್ಲಿ ಕುದುರೆಯ ಸುತ್ತೂ ಇದೆ, ‘ಮನ್ಸೂಬಾ’ ಎಂಬ ಪಂದ್ಯಸಮಸ್ಯೆಗಳೂ ಇವೆ. ಅಲ್ಲಿ ಎರಡೂ ಒಬ್ಬನೇ ಆಟಗಾರನ ವ್ಯಾಸಂಗವಾಗಿದ್ದವು. ನಮ್ಮಲ್ಲಿಯೂ ಎರಡನೆಯದಕ್ಕೆ ಕೊರತೆಯಿರಲಿಲ್ಲ. ಕೃಷ್ಣರಾಜರು ಯುವಕರಾಗಿದ್ದಾಗಲೇ, 1814ರಲ್ಲಿ, ತಿರುವೆಂಗಡಾಚಾರ್ಯ ಶಾಸ್ತ್ರಿಗಳ ಸಂಸ್ಕೃತ ಚದುರಂಗ ಗ್ರಂಥವು ಇಂಗ್ಲಿಷಿಗೆ ಅನುವಾದಗೊಂಡು ಬೊಂಬಾಯಿಯಲ್ಲಿ ಅಚ್ಚಾಗಿತ್ತು. ಕೌತುಕನಿಧಿಯನ್ನು ಓದುವವರು ಆ ಗ್ರಂಥವನ್ನೂ ಮಗ್ಗುಲಲ್ಲಿಟ್ಟುಕೊಂಡು, ಮಣೆಯ ಮುಂದೆ ಕುಳಿತು ಓದಬೇಕು.