ಮನೆವಾರ್ತೆಯ ಹೆಸರಿನಲ್ಲಿ

ಜರ್ಮನ್ ಭಾಷೆಯ 'ವಿರ್ಟ್‌ಶಾಫ್ಟ್' ಮೈಮುರಿದು ದುಡಿಯುವ ಪದ. ಮನೆವಾರ್ತೆ, ಒಕ್ಕಲುತನ, ಊರಿನ ಹೆಂಡದಂಗಡಿ, ದೇಶದ ಅರ್ಥವ್ಯವಸ್ಥೆ, ಎಲ್ಲಕ್ಕೂ ಅದೇ. ಅದರ ಮುಂದೆ 'ಪೋಲ್ನಿಷೆ', ಅಂದರೆ ಪೋಲೆಂಡಿನ ಎಂದು ಸೇರಿಸಿದರೆ ಮಾತ್ರ ಬೈಗುಳ: ಹೇಳೋರು ಕೇಳೋರಿಲ್ಲದ ಮನೆ.

ಕ್ಯಾಪ್ಟನ್ ಕುಕ್ ಜೊತೆ ಜಗತ್ತು ಸುತ್ತಿದ್ದ ಗೇಯಾರ್ಗ್ ಫಾರ್ಸ್ಟರ್ 1784ರಲ್ಲಿ ಆಗಿನ ಪೋಲೆಂಡ್-ಲಿಥುವೇನಿಯದ ವಿಲ್ನಾಗೆ ಪ್ರಾಧ್ಯಾಪಕನಾಗಿ ಹೋದ. ಅಲ್ಲಿ ಕಂಡ ಕೊಳಕು, ಬಡತನಕ್ಕೆಲ್ಲ ತನ್ನ ಕಾಗದಗಳಲ್ಲಿ ಇದೇ ಹೆಸರಿಟ್ಟ. ಅವನು ಹುಟ್ಟಿದ್ದು ಡಾನ್‌ಜಿಗ್ ಬಳಿ, ಪೋಲೆಂಡಿನ ದೊರೆಯ ಪ್ರಜೆಯಾಗಿಯೇ.

ಅಷ್ಟರಲ್ಲಿ ಬೈಗುಳಕ್ಕೆ ಹದವಾದ ನೆಲ ಸಿದ್ಧವಾಗಿತ್ತು. 1772ರಲ್ಲಿ ನಡೆದ ಪೋಲೆಂಡಿನ ಮೊದಲ ವಿಭಜನೆಯಲ್ಲಿ ಪಶ್ಚಿಮ ಪ್ರಶ್ಯವನ್ನು ನುಂಗಿದ ಪ್ರಶ್ಯದ ದೊರೆ ಎರಡನೇ ಫ್ರೆಡೆರಿಕ್, ಅಲ್ಲಿನ ಜನರನ್ನು ಅಮೆರಿಕದ ಇರೊಕ್ವಾಯ್ ಬುಡಕಟ್ಟಿಗೆ ಹೋಲಿಸಿ, ಅವರಿಗೆ ನಾಗರಿಕತೆ ಕಲಿಸುವ ಮಾತಾಡಿದ. ಅದೇ ವರ್ಷ ತಮ್ಮ ಹೆನ್ರಿಗೆ ಬರೆದ ಕಾಗದದ ದನಿಯೇ ಬೇರೆ. ಸಿಕ್ಕಿರುವುದು ಲಾಭದ ಸೀಮೆ, ಆದರೆ ಬೇರೆಯವರ ಕಣ್ಣು ಕುಕ್ಕಬಾರದೆಂದು ಕೇಳಿದವರಿಗೆಲ್ಲ ಬರೀ ಮರಳು, ಪೈನ್ ಮರ, ಬೀಳು, ಯಹೂದಿಗಳನ್ನಷ್ಟೇ ಕಂಡೆ ಎನ್ನುತ್ತಿದ್ದೇನೆ ಎಂದು ಅದರಲ್ಲಿ ಒಪ್ಪಿಕೊಂಡಿದ್ದಾನೆ. ಈ ಒಂದು ಕಾಗದ ಓದಿದ ಮೇಲೆ 'ಕಾಡುಸೀಮೆ'ಯ ವರ್ಣನೆಗಳನ್ನು ನಾನು ನಂಬಲಾರೆ. ಅವನು ಅಗೆಸಿದ ಬಿಡ್‌ಗೊಶ್ಚ್ ಕಾಲುವೆ ನಿಜ, ಒಣಗಿಸಿದ ಜೌಗು ನಿಜ. ಆದರೆ 1773ರಲ್ಲೇ ಇಡೀ ದೇಶದ ಶಿಕ್ಷಣಕ್ಕೆಂದು ಆಯೋಗ ಕಟ್ಟಿದ ಪೋಲೆಂಡೂ ಅಷ್ಟೇ ನಿಜ.

1855ರಲ್ಲಿ ಗುಸ್ತಾವ್ ಫ್ರೈಟಾಗ್‌ನ ಜನಪ್ರಿಯ ಕಾದಂಬರಿ ಪೋಲಿಷರನ್ನು ಕೀಳಾಗಿ ಕಾಣುವ ಈ ನೋಟವನ್ನು ಜರ್ಮನ್ ಮನೆಮನೆಗೆ ಮುಟ್ಟಿಸಿತು. 1886ರಲ್ಲಿ ಪ್ರಶ್ಯದ ಸರ್ಕಾರ 10 ಕೋಟಿ ಮಾರ್ಕ್ ಕೊಟ್ಟು, ಪೋಲಿಷರ ಜಮೀನು ಕೊಂಡು ಜರ್ಮನ್ ಒಕ್ಕಲುಗಳನ್ನು ನೆಲೆಗೊಳಿಸಲು ಆಯೋಗ ನೇಮಿಸಿತು.

ಪ್ರಶ್ಯದ ಹಿಡಿತದಲ್ಲಿದ್ದ ಪೋಜ್ನಾನ್ ಸೀಮೆಯ ಮಿಹಾವ್ ಜಿಮಾವಾ ಎಂಬ ಪೋಲಿಷ್ ರೈತ ತಾನೇ ಕೊಂಡ ಜಮೀನಿನಲ್ಲಿ ಮನೆ ಕಟ್ಟಲು ಹೊರಟಾಗ, 1904ರ ಕಾನೂನಿನಡಿ ಪರವಾನಗಿ ಸಿಗಲಿಲ್ಲ. ಅವನು ಹಳೆಯ ಸರ್ಕಸ್ ಬಂಡಿಯೊಂದನ್ನು ತಂದು ಸಂಸಾರ ಹೂಡಿದ. ನಿಂತಲ್ಲೇ ನಿಂತರೆ ಅದೂ ಮನೆಯೇ ಎಂದರು ಅಧಿಕಾರಿಗಳು. ಅವನು ಬಂಡಿಯನ್ನು ದಿನವೂ ಒಂದಿಷ್ಟು ಸರಿಸತೊಡಗಿದ. ಮನೆವಾರ್ತೆ ಗೊತ್ತಿಲ್ಲದವರು ಎನಿಸಿಕೊಂಡಿದ್ದು ಇಂಥವರೇ. ಅವನು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದು, ಕೊನೆಗೆ ಆ ಬಂಡಿಯನ್ನೂ ಕಳೆದುಕೊಂಡ.