ಸೀರೆ ಉಟ್ಟ ಗಂಡಸು, ನಕ್ಕ ನಾವು

ಕೊಯಮತ್ತೂರು, ತಿರುಪ್ಪೂರು ಕಡೆಯ ದೇವಾಂಗರ ಮನೆಗಳಲ್ಲಿ ಮಾತು ಕನ್ನಡ, ಟಿ.ವಿ. ತಮಿಳು. 1993ರಲ್ಲಿ ಸನ್ ಟಿ.ವಿ. ಶುರುವಾಯ್ತು. 2006ರಿಂದ ಸರ್ಕಾರವೇ ಬಣ್ಣದ ಟಿ.ವಿ.ಯನ್ನು ಪುಕ್ಕಟೆ ಹಂಚಿತು. ಹಾಸ್ಯ ಕಾರ್ಯಕ್ರಮ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡೋದಾಯ್ತು.

2008ರಲ್ಲಿ ವಿಜಯ್ ಟಿ.ವಿ.ಯಲ್ಲಿ ‘ಇಪ್ಪಡಿಕ್ಕು ರೋಸ್’ ಬಂತು. ನಡೆಸಿಕೊಟ್ಟವರು ತಿರುನಂಗೈ ರೋಸ್ ವೆಂಕಟೇಶನ್. ಅದು ಹಾಸ್ಯವಲ್ಲ, ಮಾತುಕತೆ. ಪ್ರಶ್ನೆ ಕೇಳೋ ಕುರ್ಚಿಯಲ್ಲಿ ಅವರು ಕೂತಿದ್ದರು. ಅದೇ ವರ್ಷ ತಮಿಳುನಾಡು ಸರ್ಕಾರ ತಿರುನಂಗೈಯರಿಗಾಗಿ ಕಲ್ಯಾಣ ಮಂಡಳಿಯನ್ನೂ ಮಾಡಿತು.

ಆಮೇಲೆ ಅದೇ ವಾಹಿನಿಯ ‘ಅದು ಇದು ಎದು’ ಹಾಸ್ಯದಲ್ಲಿ ಗಂಡಸರು ಸೀರೆ ಉಟ್ಟು ಬಂದರು. ಸ್ತ್ರೀವೇಷ ನಮಗೇನೂ ಹೊಸದಲ್ಲ. ತೆರುಕ್ಕೂತ್ತಿನಲ್ಲಿ, ಯಕ್ಷಗಾನದಲ್ಲಿ ಅದು ಇದ್ದೇ ಇತ್ತು. ಅಲ್ಲಿ ದ್ರೌಪದಿಯಾದ ಗಂಡಸಿಗೆ ಜನ ಕೈಮುಗಿದರು. ಇಲ್ಲಿ ವೇಷವೇ ಗೇಲಿಯ ಮಾತು. ಗಂಡು-ಹೆಣ್ಣಿನ ಗೆರೆ ದಾಟಬಹುದು ಅಂತ ಹಾಲ್‌ನೊಳಗೆ ತಂದು ತೋರಿಸಿದ ಹಾಸ್ಯವೇ, ದಾಟಿದವರನ್ನು ನೋಡಿ ನಗೋದನ್ನೂ ಕಲಿಸಿತು.

2014ರಲ್ಲಿ ಸುಪ್ರೀಂ ಕೋರ್ಟು ಮೂರನೇ ಲಿಂಗವನ್ನು ಒಪ್ಪಿತು. 2018ರಲ್ಲಿ, ವಯಸ್ಕರು ಒಪ್ಪಿ ಕೂಡಿದರೆ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ತೀರ್ಪು ಕೊಟ್ಟಿತು. ಕಾನೂನು ಬದಲಾಯ್ತು, ನಮ್ಮ ನಗು? ಹೆಣ್ಣಿನ ನಡೆಯ ಹುಡುಗನೊಬ್ಬ ನಮ್ಮ ಪಕ್ಕದಲ್ಲೇ ಕೂತು ಟಿ.ವಿ. ನೋಡ್ತಿರಬಹುದು. ಅಪ್ಪ ಯಾವುದಕ್ಕೆ ನಕ್ಕರು ಅನ್ನೋದನ್ನ ಅವನು ಮರೆಯೋದಿಲ್ಲ.